ಹೊಗೆ ಏಳದ ಸಂಜೆ

ಸೋಮಪ್ಪ ಊರಿಗೆ ಬಂದಾಗ ಅವನಿಗಿಂತ ಮೊದಲು ಮನೆ ಸೇರುತ್ತಿದ್ದದ್ದು ಅವನ ಸ್ಟೋವು. ಕಬ್ಬಿನ ಹಂಗಾಮು ಮುಗಿದು, ಹೋಳಿಯ ಬಣ್ಣ ಇನ್ನೂ ಉಗುರಿನ ಸಂದಿಯಲ್ಲಿ ಉಳಿದಿರುವ ದಿನಗಳಲ್ಲಿ ಅವನು ಬೈಲಹೊಂಗಲದ ಬಸ್ ನಿಲ್ದಾಣದಿಂದ ನಡೆದು ಬರುತ್ತಿದ್ದ. ಹಾಸಿಗೆ ಸುರುಳಿಯನ್ನು ಕಟ್ಟೆಯ ಮೇಲೆ ಎಸೆಯುತ್ತಿದ್ದ, ಚೀಲವನ್ನು ಕಾಲಿನಿಂದ ಒಳಗೆ ನೂಕುತ್ತಿದ್ದ. ಹಿತ್ತಾಳೆಯ ಪಂಪು ಸ್ಟೋವನ್ನು ಮಾತ್ರ, ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ, ಎರಡೂ ಕೈಯಿಂದ ಇಳಿಸುತ್ತಿದ್ದ. ಅದು ಅಲ್ಲಾಡದೆ ಕುಳಿತಿದೆಯೇ ಎಂದು ನೋಡಿ, ಆಮೇಲೆ ಮನೆಯವರ ಕಡೆ ತಿರುಗಿ "ಹ್ಞೂಂ, ಎಲ್ಲಾರೂ ಅರಾಮ ಅದೀರಿ?" ಎನ್ನುತ್ತಿದ್ದ.

ಇಪ್ಪತ್ತೆರಡು ವರ್ಷದಿಂದ ಅವನು ಇನ್ನೊಬ್ಬರ ಲಾರಿಯಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತಿದ್ದ. ದಸರೆಗೆ ಹೋದರೆ ಯುಗಾದಿಗೆ ಮನೆ. ನಡುವೆ ಹದಿನೈದು ದಿನಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಕಾರ್ಖಾನೆಯ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಒಮ್ಮೊಮ್ಮೆ ಇಡೀ ದಿನ. ಲಾರಿಯ ಅಡಿಯ ನೆರಳಿನಲ್ಲಿ ಸೋಮಪ್ಪ ಸ್ಟೋವು ಹಚ್ಚುತ್ತಿದ್ದ. ಆದರೆ ಸಾಲು ಯಾವಾಗ ಮುಂದೆ ಸರಿಯುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಸರಿದಾಗ ಸ್ಟೋವು ಆರಿಸಿ, ಪಾತ್ರೆ ಎತ್ತಿ, ಸ್ಟೇರಿಂಗು ಹಿಡಿಯಬೇಕು. ಇಲ್ಲದಿದ್ದರೆ ಹಿಂದಿನವನು ಮುಂದೆ ನುಗ್ಗುತ್ತಾನೆ. ಹೀಗಾಗಿ ಅವನ ಅಡುಗೆಯೆಲ್ಲ ಹದಿನೈದು ನಿಮಿಷದ್ದು. ಜೋಳದ ನುಚ್ಚನ್ನು ಸಾಲಹಳ್ಳಿಯ ಹೊಲದಲ್ಲಿ ಕಬ್ಬು ಹೇರುವಾಗಲೇ ಡಬ್ಬಿಯಲ್ಲಿ ನೆನೆಹಾಕಿ ಸೀಟಿನ ಹಿಂದೆ ಇಡುತ್ತಿದ್ದ. ರಸ್ತೆಯ ಕುಲುಕಾಟಕ್ಕೇ ಅದು ಅರ್ಧ ಬೆಂದಿರುತ್ತದೆ ಎಂಬುದು ಅವನ ವಾದ. ತೊಗರಿಬೇಳೆಯನ್ನು ಅವನು "ಸಾವಕಾರ್ರ ಕಾಳು" ಎಂದು ಕರೆಯುತ್ತಿದ್ದ. ಬೇಯುವ ತನಕ ಕಾಯಲು ಪುರುಸೊತ್ತು ಇದ್ದವರು ತಿನ್ನುವಂಥದ್ದು.

ಬೇಸಿಗೆಯಲ್ಲಿ ಮನೆಯಲ್ಲಿ ಇರುವಾಗಲೂ ಆ ಅವಸರ ಹೋಗುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಮೈಯ ಅರ್ಧ ಬಾಗಿಲ ಕಡೆಗೇ ಇರುತ್ತಿತ್ತು.

ಅವನ ಮಗ ಮಧುವಿಗೆ ಅಂಥ ಅವಸರವಿರಲಿಲ್ಲ. ಮಧುವಿಗೆ ಇದ್ದದ್ದು ಪಗಾರ. ಊರ ಹೊರಗಿನ ಅರಳೆ ಗಿರಣಿಯ ಗೇಟಿನಲ್ಲಿ, ಒಳಗೆ ಬರುವ ಗಾಡಿಗಳಿಗೆ ಚೀಟಿ ಬರೆದು ಕೊಡುವುದು ಅವನ ಕೆಲಸ. ಕೇಳಿದವರಿಗೆ "ನಾನು ಗಿರಣಿಯ ಸ್ಟಾಫು" ಎನ್ನುತ್ತಿದ್ದ. ಮೂರು ವರ್ಷದ ಹಿಂದೆ, ಮೊದಲ ಪಗಾರದ ದಿನ ಪೇಢೆ ತಂದು, ಅವ್ವನ ಕಾಲಿಗೆ ಬಿದ್ದು, ಎದ್ದು ನಿಂತವನೇ ಗಂಟಲು ಸರಿಮಾಡಿಕೊಂಡು, "ಅವ್ವಾ, ಇನ್ನ ಮ್ಯಾಲ ಸಂಜೀ ಮುಂದ ತಂಗಳ ಬ್ಯಾಡ. ಬಿಸಿ ರೊಟ್ಟಿ ಇರಲಿ" ಎಂದಿದ್ದ. ಅದು ಅವನ ಸ್ವಂತ ಮಾತಲ್ಲ. ಗಿರಣಿಯ ಸೂಪರ್‌ವೈಜರು ಮಧ್ಯಾಹ್ನ ಹೆಂಡತಿಯ ಬಗ್ಗೆ ಹೇಳಿಕೊಳ್ಳುವಾಗ ಕೇಳಿದ್ದು. ಬಾಯಲ್ಲಿ ಇಟ್ಟುಕೊಂಡು ಮನೆಗೆ ಬಂದಿದ್ದ. ಹೇಳಿ ಮರೆತೂ ಬಿಟ್ಟ.

ಕೆಂಚವ್ವ ಮರೆಯಲಿಲ್ಲ. ಅಲ್ಲಿಯವರೆಗೆ ಬೇಸಿಗೆಯಲ್ಲಿ ಅವಳು ನಸುಕಿನ ತಂಪಿನಲ್ಲೇ ದಿನದ ರೊಟ್ಟಿಯನ್ನೆಲ್ಲ ಬಡಿದು ಮುಗಿಸುತ್ತಿದ್ದಳು, ಸಂಜೆ ಹಾಲು ಕಾಯಿಸುವಷ್ಟು ಹೊತ್ತು ಮಾತ್ರ ಒಲೆ. ಆ ಪೇಢೆಯ ದಿನದಿಂದ ಸಂಜೆಗೂ ಒಲೆಯ ಮೇಲೆ ಹಂಚು ಏರಿತು. ಅವರದು ಮಣ್ಣಿನ ಮಾಳಿಗೆಯ ಮನೆ, ಅಡುಗೆಮನೆಗೆ ಕಿಟಕಿಯಿಲ್ಲ. ಮೇಲೊಂದು ಬೆಳಕಿಂಡಿ, ಹೊಗೆ ಹೋಗುವುದಕ್ಕೂ ಬೆಳಕು ಬರುವುದಕ್ಕೂ ಅದೊಂದೇ ದಾರಿ. ಹಗಲೆಲ್ಲ ಕಾದ ಮಾಳಿಗೆ ಸಂಜೆಗೆ ಆ ಕಾವನ್ನು ಒಳಗೆ ಇಳಿಸುತ್ತಿತ್ತು. ಕೆಳಗೆ ಒಲೆ, ಮೇಲೆ ಮಾಳಿಗೆ, ನಡುವೆ ಕೆಂಚವ್ವ. ಹೊರಗೆ ಪಡಸಾಲೆಯಲ್ಲಿ ಮಧು ಬಿಸಿ ರೊಟ್ಟಿಯನ್ನು ಮುರಿದು, ಆವಿ ಏಳುವುದನ್ನು ನೋಡಿ, ತಾನು ಜೀವನದಲ್ಲಿ ಮುಂದೆ ಬಂದೆನೆಂದು ತಿಳಿದುಕೊಳ್ಳುತ್ತಿದ್ದ.

ತೊಂಬತ್ತೆಂಟರ ಆ ಬೇಸಿಗೆ ಶಿವರಾತ್ರಿಗೇ ಕಾಯಲು ಹತ್ತಿತ್ತು. ಸೋಮಪ್ಪ ಬರುವುದಕ್ಕೆ ವಾರ ಮೊದಲು, ಒಂದು ಸಂಜೆ, ನಾಲ್ಕನೆಯ ರೊಟ್ಟಿ ಹಂಚಿನ ಮೇಲಿರುವಾಗ ಕೆಂಚವ್ವ ಕುಳಿತಲ್ಲೇ ವಾಲಿ ಬಿದ್ದಳು. ಬಲ ಮುಂಗೈ ಹಂಚಿಗೆ ತಾಕಿತು. ಪಡಸಾಲೆಯಲ್ಲಿ ಮಧು ಐದು ನಿಮಿಷ ಕಾಯ್ದು, ನಾಲ್ಕನೆಯ ರೊಟ್ಟಿ ಯಾಕೆ ಬರಲಿಲ್ಲ ಎಂದು ನೋಡಲು ಒಳಗೆ ಹೋದ. ಅವ್ವನನ್ನು ನೋಡಲು ಹೋದದ್ದಲ್ಲ, ರೊಟ್ಟಿಯನ್ನು ನೋಡಲು ಹೋದದ್ದು. ಇದನ್ನು ಅವನು ಬಹಳ ದಿನ ಯಾರಿಗೂ ಹೇಳಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಕಣ್ಣರೆಪ್ಪೆ ಎಳೆದು ನೋಡಿ, "ರಕ್ತ ಕಡಿಮಿ ಐತಿ. ಮಳಿ ಬೀಳೂತನಾ ಸಂಜೀ ಮುಂದ ಒಲಿ ಮುಂದ ಕುಂದರಬ್ಯಾಡವಾ. ಈ ಸಲ ಹಂಚಿನ ಮ್ಯಾಲ ಕೈ ಬಿತ್ತು. ಇನ್ನೊಂದ ಸಲ ಮಾರಿನ ಬೀಳತೈತಿ" ಎಂದರು. ಕೆಂಚವ್ವ "ಹ್ಞೂಂರಿ" ಎಂದಳು. ಮರುದಿನ ಸಂಜೆ ಕೈಗೆ ಬಟ್ಟೆ ಸುತ್ತಿಕೊಂಡು ಒಲೆ ಹೊತ್ತಿಸಿದಳು.

ಮಧು ಸುಮ್ಮನಿರುವವನಲ್ಲ. ಪಗಾರದ ಮನುಷ್ಯನಿಗೆ ದುಃಖ ಬಂದರೆ ಅವನು ಅಂಗಡಿಗೆ ಹೋಗುತ್ತಾನೆ. ಒಂದು ಟೇಬಲ್ ಫ್ಯಾನು ತಂದು, ಅಡುಗೆಮನೆಯ ಹೊಸಿಲ ಮೇಲಿಟ್ಟು, ಅವ್ವನ ಕಡೆ ತಿರುಗಿಸಿ, ಮೂರನೇ ನಂಬರಿಗೆ ಹಾಕಿದ. ಗಾಳಿ ಒಲೆಗೆ ಬಡಿದು ಉರಿ ಒಂದು ಮೊಳ ಎದ್ದಿತು. ಒಲೆಯ ಬೂದಿ ಹಾರಿ ಹಿಟ್ಟಿನ ಮೇಲೆ ಬಿತ್ತು. ಹಿಟ್ಟು ಹಾರಿ ಮೂಲೆಯಲ್ಲಿ ಕುಳಿತಿದ್ದ ಅವನ ಅಜ್ಜಿ, ಸೋಮಪ್ಪನ ತಾಯಿ ಬಾಯವ್ವನ ಮುಖಕ್ಕೆ ಬಿತ್ತು.

"ಎಂಬತ್ತ ವರ್ಷದ ಮುದುಕಿಗೆ ಪೌಡರ ಹಚ್ಚಿ ಯಾರಿಗೆ ತೋರಸಾಂವೋ?" ಎಂದಳು ಬಾಯವ್ವ, ಕಣ್ಣು ಮುಚ್ಚಿಕೊಂಡೇ.

ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರಿಗೂ ಸಮಾಧಾನವಾಯಿತು.

ಸೋಮಪ್ಪ ಬಂದ ದಿನ ಮೊದಲು ಸ್ಟೋವು ಇಳಿಯಿತು, ಆಮೇಲೆ ಅವನ ಕಣ್ಣು ಹೆಂಡತಿಯ ಕೈಗೆ ಹೋಯಿತು.

"ಏನಾತದು?"

"ಏನಿಲ್ಲರಿ. ಹಂಚ ತಾಕ್ತು."

"ಹಂಚ ಬಂದು ತಾಕ್ತೇನ?" ಎಂದಳು ಬಾಯವ್ವ ಕಟ್ಟೆಯಿಂದ. "ಹೇಳ ಅವಗ. ಒಲಿ ಮುಂದ ಸುದ್ದ ಇಲ್ಲದ ಬಿದ್ದಿತ್ತಪಾ ಸೋಮಪ್ಪಾ ನಿನ್ನ ಹೇಣತಿ. ಇನ್ನೊಂದ ಗೇಣ ಆಚಿ ಬಿದ್ದಿದ್ರ ಇವತ್ತ ನೀ ಬಂದು ಯಾರ ಮಾರಿ ನೋಡತಿದ್ದಿ? ಡಾಕ್ಟರ ಬ್ಯಾಡಂದ್ರೂ ಮತ್ತ ಅಲ್ಲೇ ಕುಂದರತಾಳ."

ಸೋಮಪ್ಪ ಒಳಗೆ ಹೋದ. ಸ್ನಾನ ಮಾಡಿದ, ಲಿಂಗಪೂಜೆ ಮಾಡಿಕೊಂಡ, ಉಂಡ, ಮಲಗಿದ. ಆ ದಿನ ಕಾಲು ನೋಯುತ್ತದೆಂದು ಬಾಯವ್ವ ಮಧ್ಯಾಹ್ನವೇ ಕಟ್ಟೆ ಬಿಟ್ಟು ಒಳಕೋಣೆಯ ತಂಪು ನೆಲದ ಮೇಲೆ ಹೋಗಿ ಮಲಗಿದಳು. ಸಂಜೆ ಮಧು ಗಿರಣಿಯಿಂದ ಬಂದು ನೋಡಿದರೆ ಅಡುಗೆಮನೆಯ ಬಾಗಿಲಿಗೆ ಲಾರಿಯ ಡೀಸೆಲ್ ಟ್ಯಾಂಕಿಗೆ ಹಾಕುವ ಕೀಲಿ ಬಿದ್ದಿತ್ತು. ಅಂಗಳದ ಬೇವಿನ ಗಿಡದ ಕೆಳಗೆ ಅಪ್ಪ ಸ್ಟೋವಿನ ಮುಂದೆ ಕುಳಿತಿದ್ದ. ಅವ್ವ ಅವನ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಕೀಲಿಕೈ ಕೊಡ್ರಿ."

"ನಾಳಿ ಮುಂಜಾನಿ ಕೊಡತೇನಿ. ಸಂಜೀ ಮುಂದ ಮತ್ತ ಹಾಕತೇನಿ."

"ಲಾರೀ ಕೀಲಿ ಅಡಗೀಮನಿಗೆ ಹಾಕ್ತಾರೇನ್ರಿ? ತಲಿ ಐತಿಲ್ಲೋ ನಿಮಗ?"

"ತಲಿ ಐತಿ. ಅದಕ್ಕ ಹಾಕೇನಿ."

"ನೋಡ್ರಿ, ಹೊತ್ತ ಮುಳಗಾಕ ಬಂತು. ಮನ್ಯಾಗ ಮಂದಿ ಇದ್ದು ಸಂಜೀ ಮುಂದ ಹೊಗಿ ಏಳಲಿಲ್ಲಂದ್ರ ಓಣ್ಯಾಗ ಏನಂತ ತಿಳಕೋತಾರ? ಸಾವ ಆದ ಮನ್ಯಾಗಷ್ಟ ಒಲಿ ಹೊತ್ತೂದಿಲ್ಲ. ಗೊತ್ತಿಲ್ಲೇನ ನಿಮಗ?"

"ತಿಳಕೊಳ್ಳಲಿ. ಹದಿನೈದ ನಿಮಿಷದಾಗ ನುಚ್ಚ ಆಗತೈತಿ, ಉಂಡ ಮ್ಯಾಲ ಹೇಳಿದರಾತು ಯಾರೂ ಸತ್ತಿಲ್ಲಂತ."

"ಗಂಡಸ ಅಂಗಳದಾಗ ಕುಂತು ಅಡಗಿ ಮಾಡಿದ್ರ ನಾ ನಾಳಿ ನೀರಿಗೆ ಹೆಂಗ ಹೋಗಲಿ?"

"ಕೊಡ ತಗೊಂಡ ಹೋಗು."

ಕೆಂಚವ್ವ ಹೋಗಿ ಗೋಡೆಗೆ ಒರಗಿ ಕುಳಿತಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಮುಖವನ್ನು ಮೊಣಕಾಲಿಗೆ ಇಟ್ಟಳು. ಈ ಹೊತ್ತಿನಲ್ಲಿ ಒಬ್ಬ ತಿಳಿವಳಿಕೆಯ ಮಗ ಏನು ಹೇಳಬೇಕು ಎಂಬುದನ್ನು ಮಧು ಆಮೇಲೆ ಹಲವು ಸಲ ಯೋಚಿಸಿ ಒಳ್ಳೊಳ್ಳೆಯ ಮಾತು ಹುಡುಕಿಟ್ಟುಕೊಂಡ. ಆ ಹೊತ್ತಿನಲ್ಲಿ ಅವನ ಬಾಯಿಂದ ಬಂದದ್ದು ಇಷ್ಟೇ: "ಹಂಗಾರ ರೊಟ್ಟಿ?"

ಅವನು ಹೊಸಿಲ ಮೇಲೆ ಕುಳಿತು ತಲೆಯ ಮೇಲೆ ಕೈ ಹೊತ್ತ. ಹಸಿವೆ.

ಪಕ್ಕದ ಮನೆಯ ಇಂದ್ರವ್ವ ಹಿತ್ತಲಿನಿಂದ ಕಟ್ಟಿಗೆ ಎತ್ತಿಕೊಂಡು ಬರುವಾಗ ಮೇಲೆ ನೋಡಿದಳು. ಓಣಿಯ ಎಲ್ಲ ಮಾಳಿಗೆಯ ಮೇಲೂ ಹೊಗೆ ಎದ್ದಿತ್ತು, ಸೋಮಪ್ಪನ ಮನೆಯ ಮೇಲೆ ಇಲ್ಲ. ಬಾಯವ್ವ ಮಧ್ಯಾಹ್ನದಿಂದ ಕಟ್ಟೆಯ ಮೇಲೆ ಕಂಡಿರಲಿಲ್ಲ. ಇಂದ್ರವ್ವ ಕಟ್ಟಿಗೆ ಕೆಳಗಿಟ್ಟು, ನಡುಗೋಡೆಯ ಮೇಲೆ ಕತ್ತು ಚಾಚಿ ನೋಡಿದಳು. ಸೋಮಪ್ಪ ಎಂಟು ಉಳ್ಳಾಗಡ್ಡಿ ಹೆಚ್ಚಿ ಮುಗಿಸಿದ್ದ. ಗಿಡದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಹರಿಯುವ ಕಣ್ಣು ಮೂಗನ್ನು ಹೆಗಲ ಟಾವೆಲಿನಿಂದ ಒರೆಸಿಕೊಳ್ಳುತ್ತಿದ್ದ. ಸ್ಟೋವು ಅವನ ಬೆನ್ನಿನ ಮರೆಯಲ್ಲಿತ್ತು. ಕೆಂಚವ್ವ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ಮಧು ಹೊಸಿಲ ಮೇಲೆ ತಲೆ ಹಿಡಿದಿದ್ದ. ಅವನ ಹಸಿದ ಮುಖಕ್ಕೂ ಅಜ್ಜಿ ಸತ್ತ ಮುಖಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇಂದ್ರವ್ವ ಮತ್ತೇನನ್ನೂ ಕೇಳಬೇಕಾಗಿರಲಿಲ್ಲ. ಸಾವಿನ ಮನೆಯವರನ್ನು ಕೇಳಬಾರದು, ಅವರಿಗೆ ಉಣ್ಣಲು ಒಯ್ಯಬೇಕು. ಓಣಿಯಲ್ಲಿ ಸುದ್ದಿ ಹರಿಯಲೂ ಸೋಮಪ್ಪನ ನುಚ್ಚು ಕುದಿಯಲೂ ಒಂದೇ ಹೊತ್ತು ಹಿಡಿಯಿತು.

ಮೊದಲು ಬಂದವಳು ಎದುರುಮನೆಯ ಶಾಹಜಾನಬಿ. ಅವಳ ಗಂಡ ರಸೂಲಸಾಬನೂ ಲಾರಿ ಡ್ರೈವರು. ಗಂಡಂದಿರು ಹಂಗಾಮಿಗೆ ಹೋದ ತಿಂಗಳುಗಳಲ್ಲಿ ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು ಆಸರೆ. ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಯನ್ನು ಹೊಸಿಲ ಬದಿಗಿಟ್ಟು, ಮಧುವಿನ ತಲೆ ಸವರಿ, ಒಂದು ಮಾತೂ ಆಡದೆ ಹೋಗಿ ಕೆಂಚವ್ವನ ಪಕ್ಕದಲ್ಲಿ ಕುಳಿತು ಅವಳನ್ನು ತಬ್ಬಿಕೊಂಡಳು.

ಕೆಂಚವ್ವ ತಲೆ ಎತ್ತಿ ನೋಡಿದಳು. ಶಾಹಜಾನಬಿಯ ಕಣ್ಣಲ್ಲಿ ನೀರು ಇತ್ತು.

ಒಬ್ಬರು ನಮಗಾಗಿ ಅಳುತ್ತಾ ಬಂದು ತಬ್ಬಿಕೊಂಡರೆ ಯಾಕೆಂದು ಯಾರು ಕೇಳುತ್ತಾರೆ? ಕೆಂಚವ್ವ ಕೇಳಲಿಲ್ಲ. ಬಿದ್ದ ದಿನದಿಂದ ಕಟ್ಟಿ ಇಟ್ಟದ್ದು ಒಮ್ಮೆಲೇ ಒಡೆಯಿತು. ಮಗನ ಮುಂದೆ, ಗಂಡನ ಮುಂದೆ, ಅವಳು ಬಾಯಿ ಬಿಟ್ಟು ಅತ್ತಳು.

"ಅತ್ತಬಿಡು ನನ್ನವ್ವಾ, ಅತ್ತಬಿಡು," ಎಂದಳು ಶಾಹಜಾನಬಿ.

"ಸಾಕಾಗೇತಿ ಅಕ್ಕಾ. ಅವತ್ತ ಬಿದ್ದಾಗ ಕಣ್ಣಿಗೆ ಕತ್ತಲಿ ಬಂದು, ಒಲಿ ಯಾಕಡೆ ಐತಿ, ಗ್ವಾಡಿ ಯಾಕಡೆ ಐತಿ, ಏನೂ ತಿಳೀಲಿಲ್ಲ. ಅವತ್ತಿಂದ ಸಂಜಿ ಆತಂದ್ರ ಎದಿ ಡವಡವ ಅಂತೈತಿ. ಹೆದರಿಕೋತ ರೊಟ್ಟಿ ಬಡೀತೇನಿ. ಯಾರ ಮುಂದ ಹೇಳಲಿ?"

ಶಾಹಜಾನಬಿಗೆ ಈ ಮಾತು ಸತ್ತ ಅತ್ತೆಗೆ ಸಂಬಂಧಿಸಿದ್ದು ಅನ್ನಿಸಲಿಲ್ಲ. ಆದರೂ ದುಃಖದಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಬೆನ್ನು ಸವರುತ್ತಲೇ, "ಮತ್ತ ಹೆದರಿಕಿ ಇದ್ರ ಯಾಕ ಕುಂದರತಿ ಒಲಿ ಮುಂದ?" ಎಂದಳು.

"ಹುಡುಗ ದುಡದು ಬರತೈತಿ ಅಕ್ಕಾ. ಹಗಲೆಲ್ಲಾ ಆ ಗೇಟಿನ್ಯಾಗ ನಿಂತು ಗಾಡೀ ಹೊಡ್ಯಾವ್ರಿಗೂ ರೀ, ಸಾವಕಾರ್ರಿಗೂ ರೀ, ವಾಚಮನ್‌ಗೂ ರೀ ಅನ್ನತೈತಿ. ಮನ್ಯಾಗರ ಒಂದ ಹೊತ್ತ ಸಾವಕಾರನಂಗ ಕುಂತು ಬಿಸಿ ರೊಟ್ಟಿ ಉಣ್ಣಲಿ ಅಂತ."

ಹೊಸಿಲ ಮೇಲೆ ಮಧುವಿನ ಕೈ ತಲೆಯಿಂದ ಜಾರಿ ಬಿತ್ತು. ಗೇಟು ತನ್ನ ಮಾತಿನಂತೆ ತೆರೆಯುತ್ತದೆ, ಮುಚ್ಚುತ್ತದೆ ಎಂದು ಅವನು ಮನೆಯಲ್ಲಿ ಹೇಳಿಕೊಂಡಿದ್ದ. ಅವ್ವ ಒಂದು ದಿನ ಅರಳೆ ಆರಿಸುವ ಹೆಂಗಸರ ಸಂಗಡ ಆ ದಾರಿಯಲ್ಲಿ ಹೋಗುವಾಗ ನಿಂತು ನೋಡಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ನೋಡಿ, ಏನೂ ಹೇಳದೆ, ಮನೆಗೆ ಬಂದು ಹಿಟ್ಟು ನಾದಿದ್ದಳು. ಮೂರು ವರ್ಷ.

ಅಷ್ಟರಲ್ಲಿ ಅಂಗಳ ತುಂಬಿತು. ಇಂದ್ರವ್ವ ಝುಣಕ ರೊಟ್ಟಿ ಹಿಡಿದು ಬಂದಳು. ಓಣಿಯ ಕೊನೆಯ ಮನೆಯವರು ಅನ್ನ ಸಾರು. ಇಂದ್ರವ್ವನ ಅಳು ಓಣಿಯಲ್ಲೇ ಹೆಸರಾದದ್ದು. ಅವಳು ಬುಟ್ಟಿ ಇಳಿಸಿ, ಸೆರಗು ಬಾಯಿಗೆ ಹಿಡಿದು, "ಓಣೀ ಕಣ್ಣ ಮುಚ್ಚಿತಲ್ಲೋ ನಮ್ಮಪ್ಪಾ... ಇನ್ನ ಕಟ್ಟೀ ಮ್ಯಾಲ ಕುಂತು ನನಗ ಬೈಯಾವ್ರ ಯಾರೋ..." ಎಂದು ರಾಗ ತೆಗೆದಳು. ಸೋಮಪ್ಪ ಕೈಯಲ್ಲಿ ಸೌಟು ಹಿಡಿದು ಎದ್ದು ನಿಂತ. ಅವನಿಗೆ ಒಂದೂ ಅರ್ಥವಾಗಲಿಲ್ಲ, ಆದರೆ ನುಚ್ಚು ತಳ ಹಿಡಿಯಬಾರದೆಂದು ನಡುನಡುವೆ ಬಗ್ಗಿ ತಿರುವುತ್ತಿದ್ದ.

ಒಳಕೋಣೆಯಿಂದ ಕೋಲಿನ ಸಪ್ಪಳ ಬಂತು. ಬಾಯವ್ವ ಬಾಗಿಲಲ್ಲಿ ನಿಂತಳು, ನಿದ್ದೆಯ ಕಣ್ಣು, ಒಂದು ಕಡೆ ಚಾಪೆಯ ಗೆರೆ ಮೂಡಿದ ಕೆನ್ನೆ.

"ಯಾರ ಸತ್ತಾರ?"

ಇಂದ್ರವ್ವನ ರಾಗ ನಡುವೆಯೇ ನಿಂತಿತು.

"ಏ ಸೋಮಪ್ಪಾ, ನನಗ ಹೇಳಲಾರದ ಯಾರ ಸತ್ತಾರೋ?"

ಕೊನೆಗೆ ಇಂದ್ರವ್ವನೇ, ನೆಲ ನೋಡುತ್ತಾ, "ನೀವ... ಅಂತ ತಿಳದಿದ್ದಿವ್ರಿ ಆಯಿ" ಎಂದಳು. "ಹೊಗಿ ಏಳಲಿಲ್ಲ ನೋಡ್ರಿ, ಅದಕ್ಕ."

ಬಾಯವ್ವ ಅದನ್ನು ವಿಚಾರ ಮಾಡಿದಳು. ಬುಟ್ಟಿಗಳನ್ನು ಒಂದೊಂದಾಗಿ ನೋಡಿದಳು.

"ನಾನು? ಹ್ಞೂಂ. ಏನೇನ ತಂದೀರಿ?"

"ಝುಣಕಾ ರೊಟ್ಟಿರಿ."

"ಮತ್ತ?"

"ಅನ್ನಾ ಸಾರು. ಶಾಹಜಾನಕ್ಕ ಚಪಾತಿ, ಆಲೂಗಡ್ಡಿ ಪಲ್ಯೆ ತಂದಾಳ್ರಿ."

"ಬದನೀಕಾಯಿ ಎಣಗಾಯಿ ಯಾರೂ ಮಾಡಲಿಲ್ಲ? ಅರವತ್ತೈದ ವರ್ಷ ಬಾಳೇನಿ ಈ ಓಣ್ಯಾಗ. ನಾ ಸತ್ತ ದಿನಾ ಒಂದ ಎಣಗಾಯಿ ಮಾಡಾಕ ಆಗಲಿಲ್ಲೇನ ನಿಮ್ಮ ಕೈಲೆ?"

ಮೊದಲು ನಕ್ಕವಳು ಶಾಹಜಾನಬಿ. ತಬ್ಬಿಕೊಂಡೇ 'ಯಾ ಅಲ್ಲಾ' ಎಂದು ನಕ್ಕಳು, ಅವಳ ಮೈ ಅಲುಗಿದಂತೆ ಕೆಂಚವ್ವನ ಮೈಯೂ ಅಲುಗಿತು. ಕೆಂಚವ್ವ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಮಧು ಬಗ್ಗಿ ನೋಡಿದ. ಎರಡೂ.

ಸಾವಿನ ಮನೆಗೆ ತಂದ ಬುತ್ತಿ ತಿರುಗಿ ಹೋಗುವಂತಿಲ್ಲ. ಸತ್ತವರು ಎದ್ದು ಬಂದು ಎಣಗಾಯಿ ಕೇಳಿದರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಟ್ಟಿರಲಿಲ್ಲ. ಆದ್ದರಿಂದ ಎಲ್ಲರೂ ಅಲ್ಲೇ ಕುಳಿತರು. ಬುಟ್ಟಿಗಳು ಬಿಚ್ಚಿದವು. ಸೋಮಪ್ಪ ನುಚ್ಚಿಗೆ ಮಜ್ಜಿಗೆ ಸುರಿದು, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಬಾಯವ್ವನಿಗೆ ಮೊದಲು ಬಡಿಸಿದ.

"ಗಂಡಸಿನ ಕೈಯಾಗಿಂದ ಹಿಂತಾ ರುಚಿ ಹೆಂಗ ಬಂತೋ ಸೋಮಣ್ಣಾ?" ಎಂದಳು ಶಾಹಜಾನಬಿ. "ನಮ್ಮ ಮನ್ಯಾವ್ರೂ ಮಾಡ್ತಾರ, ನಾಯಿ ಸೈತ ಮೂಸಂಗಿಲ್ಲ."

"ನಿಮ್ಮಾವ್ರಿಗೆ ಲಾರೀ ಸಾಲ ಮುಂದ ಸರಿಯೂ ಚಿಂತಿಲ್ಲ. ಭಾಳ ಹೊತ್ತ ಕುದಸ್ತಾರ," ಎಂದ ಸೋಮಪ್ಪ.

ಜನ ಹೋದ ಮೇಲೆ ಕೆಂಚವ್ವ ಕೈ ಚಾಚಿದಳು. "ಕೀಲಿಕೈ ಕೊಡ್ರಿ. ಒಳಗ ಹಾಲ ಅದಾವು, ಬೆಕ್ಕ ಕುಡೀತೈತಿ." ಸೋಮಪ್ಪ ಕೀಲಿಕೈ ಕೊಟ್ಟ. ಕೊಡುವಾಗ, "ಹೆಂಗಸಿಗೂ ಲಾರಿಗೂ ಒಂದ ಕೀಲಿ ಹಾಕೂದು ತಪ್ಪ ಆತು. ಇನ್ನ ಹಾಕೂದಿಲ್ಲ. ನಿನಗ ಬಿಟ್ಟದ್ದು" ಎಂದ. ಅವಳು ತೆಗೆದುಕೊಂಡಳು, ಏನೂ ಮಾತು ಕೊಡಲಿಲ್ಲ.

"ಅವ್ವಾ," ಎಂದ ಮಧು, "ನನಗ ಬಿಸಿ ರೊಟ್ಟಿ ಬ್ಯಾಡ."

"ಈಗ ಹೊಟ್ಟಿ ತುಂಬೇತಿ, ಅದಕ್ಕ ಅಂತಿ."

"ಖರೇನ ಬ್ಯಾಡ."

"ನಾಳಿ ಹಸದ ಬಂದಾಗ ಹೇಳು, ಕೇಳತೇನಿ," ಎಂದು ಅವಳು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಲಾರಿ ಮಾಲೀಕ ಹೇಳಿ ಕಳಿಸಿದ್ದ: ರಾಮದುರ್ಗಕ್ಕೆ ಇಟ್ಟಂಗಿ ಹೇರು ಇದೆ, ಮೂರು ದಿನದ ಕೆಲಸ. ಸೋಮಪ್ಪ ಹಾಸಿಗೆ ಸುತ್ತಿದ, ಚೀಲ ಎತ್ತಿದ. ಸ್ಟೋವಿನ ಮುಂದೆ ಬಗ್ಗಿದವನು ಅದನ್ನು ಎತ್ತಲಿಲ್ಲ. ಮಗನನ್ನು ಕರೆದ.

"ಮೊದಲ ಪಿನ್ನ ಹಾಕಿ ತೂತ ಬಿಡಸು. ಬರ್ನರ ಬುಡದ ಬಟ್ಟಲದಾಗ ಸ್ವಲ್ಪ ಚಿಮಣಿ ಎಣ್ಣಿ ಹಾಕಿ ಉರಸು. ಅದು ಕಾದ ಮ್ಯಾಲ ಪಂಪ ಹೊಡಿ. ಅವಸರ ಮಾಡಬ್ಯಾಡ."

"ಹದಿನೈದ ನಿಮಿಷದಾಗ ಆಗಬೇಕಂತಿ, ಮತ್ತ ಅವಸರ ಬ್ಯಾಡಂತಿ."

"ಸ್ಟೋವಿಗೆ ಅವಸರ ಮಾಡಬ್ಯಾಡ. ಅಡಗಿಗೆ ಮಾಡು." ಹೊಸಿಲು ದಾಟಿದವನು ಮತ್ತೆ ತಿರುಗಿದ. "ಆಕಿ ಒಲಿ ಹಚ್ಚಿದ್ರ ಜಗಳಾ ತಗೀಬ್ಯಾಡ. ನೀ ಆಕಿಗಿಂತ ಮೊದಲ ಸ್ಟೋವ ಹಚ್ಚು. ಅಷ್ಟ."

ಆ ದಿನ ಮಧು ಗೇಟಿನಲ್ಲಿ ಬರೆದ ಚೀಟಿಗಳಲ್ಲಿ ಎಷ್ಟು ತಪ್ಪಾದವೋ ಲೆಕ್ಕವಿಲ್ಲ. ಸೂಪರ್‌ವೈಜರಿಗೆ ಅವ್ವನಿಗೆ ಹುಷಾರಿಲ್ಲ ಎಂದು ಹೇಳಿ ಅರ್ಧ ತಾಸು ಮೊದಲೇ ಹೊರಟ. ಅರ್ಧ ಸುಳ್ಳು ಎಂದುಕೊಂಡ. ದಾರಿಯಲ್ಲಿ ಸೈಕಲ್ ತುಳಿಯುವಾಗ ಅದು ಪೂರಾ ಖರೆ ಎಂದು ಹೊಳೆದು ಇನ್ನಷ್ಟು ಜೋರಾಗಿ ತುಳಿದ.

ಕೆಂಚವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕಡ್ಡಿಪೆಟ್ಟಿಗೆ. ಒಲೆಯಲ್ಲಿ ಕಟ್ಟಿಗೆ ಒಟ್ಟಿ ಆಗಿತ್ತು. ಮಗ ಅಂಗಳದಲ್ಲಿ ಕುಳಿತು ಸ್ಟೋವಿಗೆ ಪಿನ್ನು ಹಾಕಿದ. ಮೊದಲ ಪಿನ್ನು ಮುರಿಯಿತು. ಎರಡನೆಯದು ಹೋಯಿತು. ಬಟ್ಟಲಿಗೆ ಎಣ್ಣೆ ಹಾಕಿ ಹಚ್ಚಿದ, ಕಾಯುವ ಮೊದಲೇ ಪಂಪು ಹೊಡೆದ. ಉರಿ ಬೇವಿನ ಕೆಳಗಿನ ಟೊಂಗೆಯನ್ನು ಮಾತಾಡಿಸಲು ಹೋಯಿತು.

"ಅಯ್ಯಯ್ಯ ಸುಡತಿ ಗಿಡಾ! ಗಾಳಿ ಬಿಡೋ! ಗಾಳಿ ಬಿಡು ಅಂತೇನಿ!" ಕೆಂಚವ್ವ ಓಡಿ ಬಂದು ಗಾಳಿಯ ತಿರುಪು ಸಡಿಲಿಸಿದಳು. ಉರಿ ಇಳಿಯಿತು. "ಕಾಯಬೇಕೋ ಖೋಡಿ. ಕಾದ ಮ್ಯಾಲ ಹೊಡಿ. ಏನ ಮಾಡಾಂವ ಇದೀ?"

"ಸುಸಲಾ."

"ಚುನಮುರಿ ಎಲ್ಲಿ ಅದಾವು?"

ಅವನು ಪಾತ್ರೆ ತೋರಿಸಿದ. ಬರುವಾಗಲೇ ಅಂಗಡಿಯಿಂದ ತಂದು ನೀರಿಗೆ ಹಾಕಿದ್ದ. ಸುಸಲಾ ಎಂದರೆ ಚುನಮುರಿಯನ್ನು, ಅಂದರೆ ಮಂಡಕ್ಕಿಯನ್ನು, ನೀರಿನಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆದು, ಒಗ್ಗರಣೆಗೆ ಹಾಕುವುದು. ತಕ್ಷಣ ಎಂಬುದು ಅವನಿಗೆ ಗೊತ್ತಿರಲಿಲ್ಲ. ಪಾತ್ರೆಯಲ್ಲಿ ಬಿಳಿ ಗಂಜಿ ಇತ್ತು.

ಕೆಂಚವ್ವ ಪಾತ್ರೆ ನೋಡಿದಳು, ಮಗನನ್ನು ನೋಡಿದಳು. ಕಡ್ಡಿಪೆಟ್ಟಿಗೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಒಳಗೆ ಒಟ್ಟಿದ ಒಲೆ, ಹತ್ತು ರೊಟ್ಟಿಯ ಹಿಟ್ಟು. ಇಷ್ಟರಲ್ಲಿ ಎದುರುಮನೆಯಿಂದ ದನಿ ಬಂತು: "ಕೆಂಚವ್ವಾ! ಹೊಗಿ ಕಾಣವಲ್ತು. ಎಲ್ಲಾರೂ ಅದೀರೇನ?"

ಮಧು ಸ್ಟೋವಿನ ಪಂಪಿನ ಮೇಲೆ ಕೈ ಇಟ್ಟುಕೊಂಡು ಕಾಯ್ದ.

"ಅದೇವ ಅಕ್ಕಾ!" ಎಂದು ಕೆಂಚವ್ವ ಕೂಗಿದಳು. "ಇವತ್ತ ಏಳೂದಿಲ್ಲ!"

ಕಡ್ಡಿಪೆಟ್ಟಿಗೆಯನ್ನು ಮಗನ ಮುಂದೆ ಇಟ್ಟು, ಅಂಗಳದಲ್ಲಿ ಹಾಕಿದ್ದ ಬಾಯವ್ವನ ಹಗ್ಗದ ಹೊರಸಿನ ತುದಿಯಲ್ಲಿ ಕುಳಿತಳು. ಅಲ್ಲಿಂದಲೇ ಹೇಳಿದಳು: ಗಂಜಿ ಚೆಲ್ಲಬೇಡ, ಅದಕ್ಕೆ ಪುಟಾಣಿ ಹಿಟ್ಟು ಕಲಸು, ಉಳ್ಳಾಗಡ್ಡಿ ಹಾಕು, ಕೊತ್ತಂಬರಿ ಹಾಕು, ಬಾಣಲೆಯಲ್ಲಿ ಎಣ್ಣೆ ಬಿಟ್ಟು ತಟ್ಟು. ಅದು ಸುಸಲಾ ಆಗಲಿಲ್ಲ, ತಾಲಿಪಟ್ಟಿಯೂ ಆಗಲಿಲ್ಲ. ಹೆಸರಿಲ್ಲದ ಆ ಪದಾರ್ಥವನ್ನು ಬಾಯವ್ವ ಎರಡು ಸಲ ಹಾಕಿಸಿಕೊಂಡಳು, "ಹಲ್ಲಿಲ್ಲದಾವ್ರಿಗೆ ಹೇಳಿ ಮಾಡಿಸಿದಂಗೈತಿ" ಎಂದಳು. ಬೆಳಗಿನ ರೊಟ್ಟಿ, ಮೊಸರು, ಗುರೆಳ್ಳ ಚಟ್ನಿಪುಡಿ ಹೇಗೂ ಇದ್ದವು. ತಂಗಳು ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿ ತಿನ್ನುವಾಗ ಮಧುವಿಗೆ ಅನ್ನಿಸಿತು, ಇದು ತನಗೆ ಬಿಸಿಯದಕ್ಕಿಂತ ಮೊದಲಿನಿಂದಲೂ ಹೆಚ್ಚು ಸೇರುತ್ತಿತ್ತು.

ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಪಡುವಣದ ಕೆಂಪು ಅವ್ವನ ಮುಖದ ಮೇಲೆ ಬಿದ್ದಿತ್ತು. ಈ ಬೆಳಕಿನಲ್ಲಿ ಅವಳ ಮುಖವನ್ನು ತಾನು ಎಂದೂ ನೋಡಿಲ್ಲ ಎಂದು ಮಧುವಿಗೆ ಹೊಳೆಯಿತು. ದಿನವೂ ಈ ಹೊತ್ತಿಗೆ ಅವಳು ಒಳಗೆ ಇರುತ್ತಿದ್ದಳು. ಕಿವಿಯ ಹತ್ತಿರ ಒಂದು ಮಚ್ಚೆ ಇತ್ತು. ಹಣೆಯ ಮೇಲೆ ವಿಭೂತಿ ಬೆವರಿಗೆ ಕರಗಿರಲಿಲ್ಲ.

ಕೆಂಚವ್ವ ಕಾಲು ಚಾಚಿ, ತಾಟನ್ನು ತೊಡೆಯ ಮೇಲಿಟ್ಟುಕೊಂಡು, ಓಣಿಯ ಮಾಳಿಗೆಗಳನ್ನು ನೋಡುತ್ತಿದ್ದಳು. ಒಂದೊಂದು ಬೆಳಕಿಂಡಿಯಿಂದ ಒಂದೊಂದು ಹೊಗೆ ಎದ್ದು ಮೇಲೆ ಹೋಗಿ ಕೂಡುತ್ತಿತ್ತು. ಅವಳು ಇಷ್ಟು ವರ್ಷ ಅದನ್ನು ಕೆಳಗಿನಿಂದ ಮಾಡಿದವಳು, ಹೊರಗಿನಿಂದ ನೋಡಿದವಳಲ್ಲ.

"ಇಂದ್ರವ್ವನ ಹೊಗಿ ನೋಡೋ," ಎಂದಳು. "ಎಷ್ಟ ಕರ್ರಗೈತಿ. ಹಸೀ ಕಟಗಿ ಹಾಕ್ಯಾಳ. ಕಣ್ಣ ಉರದ ಹೋಗಿರ್ತಾವ ಆಕಿವು ಒಳಗ."

ಅವಳು ತುತ್ತು ಬಾಯಿಗೆ ಒಯ್ಯದೆ ಇನ್ನೂ ಸ್ವಲ್ಪ ಹೊತ್ತು ಅತ್ತಲೇ ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಹೋಗು, ಗ್ವಾಡೀ ಕಡೆ ನಿಂತು ಕರಿ ಆಕಿನ್ನ. ಉರಿ ಆರಿಸಿ ಹೊರಗ ಬಾ ಅನ್ನು. ಸ್ಟೋವ ಇನ್ನೂ ಬಿಸಿ ಐತಿ, ಆಕಿದೂ ಇಲ್ಲೇ ಮಾಡೂಣು."

ಮಧು ಕೈ ತೊಳೆಯದೆಯೇ ಎದ್ದ.